ಶೀಲೆಯ ನಾಲಿಗೆ

…ಏಳ್ಬೇಡ, ಮಲ್ಕೋ ಗಂಗರಾಜು. ಮಾತಾಡೋಕೂ ಹೋಗ್ಬೇಡ. ಗಂಟಲು ಪೂರ್ತಿ ಸುಟ್ಟಿದೆ ಅಂದ್ರು ಡಾಕ್ಟ್ರು. ನಿಮ್ಮಮ್ಮ ಕದಿರಮ್ಮನ್ನ ಟೀ ಕುಡ್ಕೊಂಡು ಬಾ ಅಂತ ಕೆಳಗೆ ಕಳ್ಸಿದೀನಿ. ನನ್ನ ಕೈ ಹಿಡ್ಕೊಂಡು ಅತ್ತೇ ಅತ್ರು, ಪಾಪ. 'ಮೀರೇ ದಿಕ್ಕು ಸಾರ್', ನೀವೇ ಗತಿ ಅಂದ್ರು.

ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ಬಾಯಾರಿತ್ತು, ನೀರು ಅಂದ್ಕೊಂಡು ಕಾಸ್ಟಿಕ್ ಸೋಡಾ ಕುಡಿದ್ಯಾ ಅಂತ ಕೇಳ್ತಾರೆ. ನೀನು ತಲೆ ಆಡ್ಸು, ಅಷ್ಟೇ. ಕುಡುಮಲಕುಂಟೆ ಫ್ಯಾಕ್ಟರಿ ಕೆಲ್ಸ ಎಲ್ಲೂ ಹೋಗಲ್ಲ. ಕೆಮಿಸ್ಟ್ ಉದಯಕುಮಾರ್ ಆಗಿ ನಾನು ಕೊಡ್ತಿರೋ ಮಾತಿದು.

ಯಾಕೆ, ಮುಖ ಆ ಕಡೆ ತಿರುಗಿಸ್ತೀಯಾ?

ಶೀಲೆ ನೆನಪಿದಾನಾ? ಟೀ ಹೊತ್ತಲ್ಲಿ ಹೇಳ್ತಿದ್ನಲ್ಲ… ಸ್ವೀಡನ್ನೋನು. ಔಷಧದ ಅಂಗಡೀಲಿ ಕೂತೇ ಆಕ್ಸಿಜನ್ ಕಂಡುಹಿಡಿದ. ಪುಸ್ತಕ ಅಚ್ಚಾಗೋದು ತಡ ಆಯ್ತು, ಹೆಸರು ಬೇರೆಯೋರಿಗೆ ಹೋಯ್ತು. ಕ್ಲೋರಿನ್ನೂ ಅವನದ್ದೇ. ಏನು ತಯಾರಿಸಿದ್ರೂ ನಾಲಿಗೆಗಿಟ್ಟು ನೋಡೋನು. ಸೈನೈಡಿನ ಆಮ್ಲ ಗೊತ್ತಲ್ಲ, ಅದರ ರುಚೀನೂ ಬರೆದಿಟ್ಟಿದಾನೆ. ನಲವತ್ತಮೂರಕ್ಕೇ ಹೋದ. ಸಾಯೋ ಹಾಸಿಗೇಲಿ ಮದುವೆ ಆದ, ಅಂಗಡಿ ಆ ಹೆಣ್ಣಿಗೆ ಉಳೀಲಿ ಅಂತ. ಅಂಥೋನೇ ಹಂಗೆ ಹೋದ ಅಂದ್ಮೇಲೆ… ನಿಂದು ಗಂಟಲು ತಾನೇ? ಜೀವ ಇದ್ಯಲ್ಲ.

ಎಲ್ಲಿ, ಒಂದ್ಸಲ ಈಗ್ಲೇ ಆಡ್ಸು ನೋಡಣ. ನೀರು ಅಂದ್ಕೊಂಡು ಕುಡಿದ್ಯಾ?

ಆಡ್ಸೋ.

ಆಡಿಸಲ್ವಾ? ಸರಿ. ಮಾತು ಬರ್ದೇ ಇರೋನ್ನ ಬೇರೆ ಯಾರು ಕೆಲ್ಸಕ್ಕೆ ಇಟ್ಕೋತಾರೆ, ಹೇಳು? ನಗರಗೆರೆಗೆ ವಾಪಸ್ ಹೋಗಿ ಏನು ಮಾಡ್ತೀಯಾ? ನಿಮ್ಮಮ್ಮ ನಿನ್ನ ಮೂಗಿಗೆ ಹಾಕಿರೋ ಈ ನಳಿಕೇಲಿ ಗಂಜಿ ಬಿಟ್ಕೊಂಡು ಕೂತ್ಕೋಬೇಕು, ಅಷ್ಟೇ.

ಕೈ ಬಿಡು… ನೋವಾಗುತ್ತೆ, ಬಿಡು.

ಹಂಗೆ ನೋಡ್ಬೇಡ ನನ್ನ. ಎರಡು ಕ್ಯಾನು, ಎರಡರ ಚೀಟೀನೂ ಕಿತ್ತೋಗಿತ್ತು. ಒಂದು ನಿಂಬೆಹುಳಿ ನೀರು, ಸಿಟ್ರಿಕ್ ಆಸಿಡ್; ಇನ್ನೊಂದು ಕಾಸ್ಟಿಕ್. ಯಾವುದರಲ್ಲಿ ಯಾವುದಿದೆ ಅಂತ ಟೆಸ್ಟ್ ಮಾಡೋಕೆ ಆ ಬಿಸಿಲಲ್ಲಿ ಲ್ಯಾಬ್‌ವರೆಗೂ ಯಾರು ನಡೀತಾರೆ? ಅಲ್ಲಿದ್ದಿದ್ದು ನಾವಿಬ್ರೇ. ನಾನು ನಕ್ಕೆ, ನೀನೂ ನಕ್ಕೆ. ಶೀಲೆ ಆಗ್ತೀಯೇನೋ ಅಂದೆ, ತಮಾಷೆಗೆ. ಶೂರನ ಥರ ಮುಚ್ಚಳ ತುಂಬ ಬಗ್ಗಿಸ್ಕೊಂಡು ಗಂಟಲಿಗೆ ಸುರ್ಕೊಂಡೋನು ನೀನು.

ನೆಕ್ಕು ಅಂದೆ ಕಣೋ. ನುಂಗು ಅಂದ್ನಾ?