ಆಸ್ಟರ್ ಆದಮೇಲೆ ಹೂವಿಲ್ಲ

ಜೇನು ಸಾಕಣೆದಾರರ ಸಂಘದ ಅಧ್ಯಕ್ಷರೇ, ಈ ಚರ್ಚಿನ ಸಭಾಂಗಣವನ್ನು ಬಿಟ್ಟುಕೊಟ್ಟ ಪಾದ್ರಿಗಳೇ, ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕೇಳುತ್ತಿರುವ ಮಹಿಳಾ ಮಂಡಳಿಯವರೇ, ಊಟ ಮುಗಿದರೂ ಎದ್ದುಹೋಗದ ಸಭಿಕರೇ,

ಈ ಫಲಕದ ಮೇಲೆ ‘ಜೇನುನೊಣಗಳ ಪರಮಮಿತ್ರ ಆರ್ವಿಡ್ ನಿಗಾರ್ಡ್’ ಎಂದು ಕೆತ್ತಿಸಿದ್ದೀರಿ. ಸಂತೋಷ. ಆದರೆ ನನಗೆ ನೊಣ ಕಂಡರೆ ಭಯ, ಜೇನುತುಪ್ಪ ಕಂಡರೆ ವಾಕರಿಕೆ. ಹಾಗಾದರೆ ಗುಡ್ಡದ ಹುಲ್ಲುಗಾವಲನ್ನು ಉಳದೆ ಬಿಟ್ಟು, ಸೋಯಾ ಬೆಳೆಯುವ ಹೊಲದಲ್ಲೂ ಹೂವು ಬಿತ್ತಿದ್ದೇಕೆ? ನಮ್ಮಣ್ಣನೂ ಇದನ್ನೇ ಕೇಳಿದ. “ಹೂವು ಬೇಯಿಸ್ಕೊಂಡು ತಿಂತೀಯೇನೋ?” ಅಂದ.

ಹೇಳುತ್ತೇನೆ. ಒಂದು ಮೇ ತಿಂಗಳಲ್ಲಿ ವರ್ನಾ ಕೋಲ್‌ಬೆಕ್ ಅವರು ಜೇನುಪೆಟ್ಟಿಗೆಗಳನ್ನು ಲಾರಿಯಲ್ಲಿ ತಂದು ನನ್ನ ಗುಡ್ಡದ ಮೇಲಿಟ್ಟರು. ಅಗೋ, ಮೂರನೆಯ ಮೇಜಿನಲ್ಲಿದ್ದಾರೆ. ನನ್ನ ಹೆಂಡತಿ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಆ ಚಳಿಗಾಲವಿಡೀ ನಾನು ಮಾತಾಡಿದ್ದು ರೇಡಿಯೋದ ಜೊತೆ ಮಾತ್ರ. ವರ್ನಾ ಪೆಟ್ಟಿಗೆ ನೋಡಲು ಬಂದಾಗಲೆಲ್ಲ ನಮ್ಮ ಜಗುಲಿಯಲ್ಲಿ ಕಾಫಿ ಕುಡಿದು, ಆ ಕಾಫಿಯನ್ನೇ ಬೈದು ಹೋಗುತ್ತಿದ್ದರು. ಮನುಷ್ಯನಿಗೆ ಬೈಯುವವರು ಬೇಕು, ಸಭಿಕರೇ.

ಜುಲೈ ಮುಗಿದು ಹುಲ್ಲುಗಾವಲಿನ ನೇರಳೆ ಕ್ಲೋವರ್ ಹೂವು ಒಣಗಿತು. “ಹೂವು ಮುಗೀತು ಕಣ್ರೀ ಆರ್ವಿಡ್. ನನ್ನ ಹುಳಗಳಿಗೆ ಇನ್ನೇನಿದೆ ಇಲ್ಲಿ, ನಿಮ್ಮ ಕಾಫೀನಾ?” ಎಂದು ವರ್ನಾ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಆ ವರ್ಷವೇ ಗೋಲ್ಡನ್‌ರಾಡ್ ಬೀಜ ತರಿಸಿ ಚೆಲ್ಲಿದೆ. ಅದು ಹಳದಿ ಹೂ ಬಿಟ್ಟ ವರ್ಷ ವರ್ನಾ ಸೆಪ್ಟೆಂಬರಿನವರೆಗೆ ನಿಂತರು. ಆಮೇಲೆ ಚಳಿ ಬೀಳುವವರೆಗೂ ಅರಳುವ ಆಸ್ಟರ್ ಹಾಕಿದೆ. ಅಕ್ಟೋಬರಿನವರೆಗೂ ನಿಂತರು. ನೀವು ಇದನ್ನು ಪರಿಸರ ಸೇವೆ ಎಂದಿರಿ. ನನ್ನ ಹೆಂಡತಿ ಇದ್ದಿದ್ದರೆ ಇದಕ್ಕೆ ಬೇರೆ ಹೆಸರಿಟ್ಟು ನಗುತ್ತಿದ್ದಳು.

ನಮ್ಮ ಕಡೆ ಪೆಟ್ಟಿಗೆ ಇಡಲು ಜಾಗ ಕೊಟ್ಟವನಿಗೆ ಬಾಡಿಗೆಯಾಗಿ ಜೇನುತುಪ್ಪವನ್ನೇ ಕೊಡುವ ರೂಢಿ ತಾನೆ? ವರ್ನಾ ಕೊಟ್ಟ ಬಾಟಲಿಗಳೆಲ್ಲ ನನ್ನ ನೆಲಮಾಳಿಗೆಯಲ್ಲಿ ಮುಚ್ಚಳ ತೆಗೆಯದೆ ಕೂತಿವೆ. ಈ ಸಂಗತಿ ಅವರಿಗೆ ಈಗಷ್ಟೇ ಗೊತ್ತಾಗುತ್ತಿದೆ. ಆ ಮೇಜಿನ ಕಡೆ ನೋಡುವ ಧೈರ್ಯ ನನಗಿಲ್ಲ.

ನಾಳೆ ಬೆಳಗ್ಗೆ ವರ್ನಾ ಪೆಟ್ಟಿಗೆಗಳನ್ನು ಲಾರಿಗೆ ತುಂಬಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. ಪರಾಗಸ್ಪರ್ಶಕ್ಕೆ ನೊಣಗಳನ್ನು ಬಾಡಿಗೆಗೆ ಪಡೆಯುವ ಅಲ್ಲಿನ ಬಾದಾಮಿ ತೋಟಗಳು ಹೂಬಿಟ್ಟು ಮುಗಿಯುವ ತನಕ ಇತ್ತ ಬರುವುದಿಲ್ಲ. ಅವರ ಪಕ್ಕದಲ್ಲೇ ಕೂತಿರುವ ತಮ್ಮ ಲೈಲ್‌ಗೆ ಈ ಕೆಲಸವೆಲ್ಲ ಗೊತ್ತು. ಆದರೆ “ಸತ್ತರೂ ಅಕ್ಕ ಲಾರಿ ಕೀ ಕೊಡಲ್ಲ” ಎಂದು ಲೈಲ್ ಊರೆಲ್ಲ ದೂರಿಕೊಂಡು ತಿರುಗುತ್ತಾನೆ.

ಈ ವರ್ಷ ಬೀಜದ ಅಂಗಡಿಯವನನ್ನು ಆಸ್ಟರ್ ಆದಮೇಲೆ ಯಾವ ಹೂವಿದೆ ಎಂದು ಕೇಳಿದೆ. “ಆಮೇಲೆ ಹಿಮ ಕಣಪ್ಪ” ಅಂದ. ಬಿತ್ತಲು ನನ್ನ ಬಳಿ ಇನ್ನೇನೂ ಉಳಿದಿಲ್ಲ, ಸಭಿಕರೇ. ಹೂವಿನ ಕೈಲಿ ಹೇಳಿಸುತ್ತಿದ್ದುದನ್ನು ಇನ್ನು ಬಾಯಿಬಿಟ್ಟೇ ಹೇಳಬೇಕು. ಹೇಳುತ್ತೇನೆ.

ವರ್ನಾ, ನೊಣಗಳು ಹೋಗಲಿ. ನೀವು ಇರಿ. ಕಾಫಿ ನೀವೇ ಮಾಡಿ.

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ, ಮುಗಿಸುತ್ತಿದ್ದೇನೆ. ಫಲಕಕ್ಕೆ, ಊಟಕ್ಕೆ, ನಿಮ್ಮ ತಾಳ್ಮೆಗೆ ನಾನು ಋಣಿ. ಇನ್ನೂ ಎರಡು ಮಾತು ಬರೆದುಕೊಂಡು ಬಂದಿದ್ದೆ. ಆದರೆ ಮೂರನೆಯ ಮೇಜಿನಲ್ಲಿ ವರ್ನಾ ಕೈಚೀಲ ತೆರೆದು ಲಾರಿಯ ಕೀಲಿಯನ್ನು ಲೈಲ್ ಕೈಗೆ ಕೊಡುತ್ತಿದ್ದಾರೆ. ಆ ಎರಡು ಮಾತು ಇನ್ನು ಬೇಕಿಲ್ಲ.

ನಮಸ್ಕಾರ.