ಮೊದಲ ಹಿಡಿತದ ದರ

ಒಂದು ಪೇಟೆ. ಆ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರದ ಒಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನ ಕಡೆ ತಿರುಗಿ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ.

ಆಗ ಅಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ಇಳಿಸಿ, ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಅದರಡಿ ಮುಚ್ಚಿ, ಬೆರಳು ಹಿಡಿದು ದರ ತಿಳಿಸುತ್ತಿದ್ದರು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅದಕ್ಕೊಂದು ರೀತಿ ಇತ್ತು, ನೋಡಿ. ಮೊದಲ ಹಿಡಿತ ಯಾವಾಗಲೂ ಅರ್ಧ ದರದ್ದು. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತು. ಹಿಡಿದವನಿಗೆ ನಾಚಿಕೆಯಿಲ್ಲ, ಹಿಡಿಸಿಕೊಂಡವನಿಗೆ ಸಿಟ್ಟಿಲ್ಲ. ಮಾರುವವನು ಆ ಬೆರಳನ್ನು ಕೊಡವಿ ಒದರಿಬಿಡುತ್ತಿದ್ದ. ನಿಜವಾದ ಮಾತು ಆಮೇಲೆ ಶುರು. ಕೊನೆಗೆ ಕೊಳ್ಳುವವನು ಇಡೀ ಅಂಗೈ ಒತ್ತಿದನೆಂದರೆ ಅದೇ ಕಡೆಯ ದರ. ಕಡೆಯ ಅಂಗೈಯನ್ನು ಯಾರೂ ಒದರುತ್ತಿರಲಿಲ್ಲ.

ಸಂಕಪ್ಪ ಎಂಬ ಬೆಳೆಗಾರ ಹರೆಯದಿಂದಲೂ ಈ ಸಾಹುಕಾರನಿಗೇ ಮಾರುತ್ತಿದ್ದ. ಒಮ್ಮೆ ಟವೆಲ್ಲಿನಡಿ ಅವನ ಕೈ ಸುಡುತ್ತಿತ್ತು. ಸಾಹುಕಾರ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸಿದ. ಚೀಲಗಳು ನನ್ನ ಅಂಗಡಿಯಲ್ಲಿರಲಿ, ಜ್ವರ ಬಿಟ್ಟ ಮೇಲೆ ಬಾ, ಈಗ ನಾನು ಏನು ಹಿಡಿದರೂ ನೀನು ಹೂಂ ಅನ್ನುತ್ತೀ ಎಂದು ಕಳಿಸಿಕೊಟ್ಟ. ಕೆಟ್ಟ ಮನುಷ್ಯನಾಗಿದ್ದರೆ ಹೀಗೆ ಮಾಡುತ್ತಿದ್ದನೇ? ಕೆಟ್ಟವನಲ್ಲ. ನಿಮ್ಮಂಥವನೇ.

ಕಾಲ ಬದಲಾಯಿತು. ಬೇರೆ ಪೇಟೆಗಳಲ್ಲಿ ನಡುವೆ ಕೂಗಿ ಹರಾಜು ಹಾಕುವ ಕಾಲವೊಂದು ಬಂದುಹೋಯಿತು. ಈ ಪೇಟೆ ಹಠಮಾರಿ. ಟವೆಲ್ಲು ಬಿಟ್ಟದ್ದೇ ನೇರವಾಗಿ ಕಂಪ್ಯೂಟರಿನ ಮುಂದೆ ಕುಳಿತಿತು. ಒಳ್ಳೆಯದಕ್ಕೇ ಬಂತು ಅದು. ಟವೆಲ್ಲಿನಡಿ ಮೋಸವೂ ನಡೆಯುತ್ತಿತ್ತು, ನಾನೇನು ಮುಚ್ಚಿಡುವುದಿಲ್ಲ. ಹೊಸ ಪದ್ಧತಿಯಲ್ಲಿ ಪ್ರತಿ ರಾಶಿಗೂ ಒಂದು ನಂಬರು. ಕೊಳ್ಳುವವನಿಗೆ ನಂಬರು ಕಾಣುತ್ತದೆ, ಬೆಳೆದವನ ಹೆಸರು ಕಾಣುವುದಿಲ್ಲ. ದರ ಬರೆಯುವುದು ಒಂದೇ ಸಲ. ಹೆಚ್ಚು ಬರೆದವನ ಹೆಸರು ಗೋಡೆಯ ದೊಡ್ಡ ಪರದೆಯ ಮೇಲೆ ಬೀಳುತ್ತದೆ. ಬೆಳೆದವನು ಒಪ್ಪಬಹುದು, ಬಿಡಬಹುದು.

ಮೊದಲ ದಿನ ಸಾಹುಕಾರ ಕುಳಿತ. ಬರೆದ. ಏನು ಬರೆದ? ಅರ್ಧ ದರ ಬರೆದ. ತಲೆ ಬರೆಯಲಿಲ್ಲ, ನೋಡಿ, ಬೆರಳಿನ ರೂಢಿ ಬರೆಯಿತು. ಅವನೊಬ್ಬನೇ ಅಲ್ಲ, ಇಡೀ ಪೇಟೆ ಹಾಗೆಯೇ ಬರೆದಿತ್ತು. ಅರ್ಧ ದರಗಳಲ್ಲೇ ಯಾವುದು ಹೆಚ್ಚೋ ಅದು ಗೆದ್ದಿತು.

ಅಂಗಳದಲ್ಲಿ ಗದ್ದಲವೆದ್ದಿತು. ಇದು ಕಾಯಿಯ ದರವೋ ಅಂಗಳ ಗುಡಿಸುವ ಕೂಲಿಯೋ ಎಂದು ಒಬ್ಬಳು ಕೇಳಿದಳು. ವ್ಯಾಪಾರಿಗಳು ಮುಖ ಮುಖ ನೋಡಿ ನಕ್ಕರು. ಬೆಳೆಗಾರರೆಲ್ಲ ಬೇಡ ಎಂದರು. ಬೇಡವೆಂದ ರಾಶಿಗಳಿಗೆ ನಾಳೆ ಮತ್ತೆ ದರ ಬರೆಯುವುದೆಂದಾಯಿತು. ಒಂದು ರಾಶಿಗೆ ಮಾತ್ರ ಒಪ್ಪಿಗೆ ಬಿದ್ದಿತ್ತು, ಅದೂ ನಮ್ಮ ಸಾಹುಕಾರನ ದರಕ್ಕೆ.

ಯಾವ ಹುಚ್ಚ ಒಪ್ಪಿದ ಎಂದು ನಗುತ್ತಲೇ ನೋಡಲು ಹೋದ. ರಾಶಿಯ ಪಕ್ಕದಲ್ಲಿ ಸಂಕಪ್ಪ ಖಾಲಿ ಚೀಲ ಮಡಚುತ್ತ ಕುಳಿತಿದ್ದ.

“ಯಾಕ ಹೂಂ ಅಂದಿಯೋ ಸಂಕಪ್ಪಾ?”

“ಎಲ್ಲಾರೂ ಬ್ಯಾಡ ಅಂದ್ರು ಸಾವ್ಕಾರ್ರ. ನಾ ಪರದೆ ಮ್ಯಾಲಿನ ಹೆಸರು ಓದಿಸಿ ಕೇಳಿದೆ. ನಿಮ್ಮದ ಇತ್ತು. ಒಂದ ಸಲ ಬರಿಯೂದು ಅಂದ್ರ ಅದು ಕಡೀ ಅಂಗೈ ಅಲ್ಲೇನ್ರಿ? ನಿಮ್ಮ ಕಡೀ ಅಂಗೈ ನಾ ಯಾವತ್ತರ ಒದರೇನೇನು?”

ಸಾಹುಕಾರನ ನಗು ನಿಂತಿತು. ವ್ಯಾಪಾರ ಪಕ್ಕಾ ಮಾಡುವ ಚೀಟಿಯನ್ನು ಇನ್ನೂ ಹರಿದು ಕೊಟ್ಟಿರಲಿಲ್ಲ. ಅದು ಮೊದಲ ಹಿಡಿತವಪ್ಪಾ, ರೂಢಿಯಲ್ಲಿ ತಪ್ಪಿ ಬರೆದೆ ಎಂದಿದ್ದರೆ ಸಾಕಿತ್ತು. ಆದರೆ ಹಿಂದೆ ಪೇಟೆಯ ವ್ಯಾಪಾರಿಗಳೆಲ್ಲ ನಿಂತಿದ್ದರು. ಹಮಾಲರು ನಿಂತಿದ್ದರು. ಇಷ್ಟು ವರ್ಷದ ಸಾಹುಕಾರನಿಗೆ ಒಂದು ದರ ಬರೆಯಲು ಬರಲಿಲ್ಲವೇ ಎಂದು ಇವರು ನಕ್ಕರೆ? ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

“ಕಂಪ್ಯೂಟರಿನ್ಯಾಗ ಬರದದ್ದು ಬರದಂಗ. ನಮ್ಮದೇನೈತಿ ಅದರಾಗ.”

ಸಂಕಪ್ಪ ತಲೆಯಾಡಿಸಿದ. ಆದರೆ ಸಾಹುಕಾರನ ಮುಖವನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದ. ಅಷ್ಟರಲ್ಲೇ ಅವನಿಗೆ ಎಲ್ಲವೂ ತಿಳಿಯಿತು. ಅವನಿಗೆ ತಿಳಿಯಿತೆಂದು ಸಾಹುಕಾರನಿಗೂ ತಿಳಿಯಿತು. ಚೀಟಿ ಅದೇ ದರಕ್ಕೆ ಹರಿಯಿತು.

ಆ ವರ್ಷವಿಡೀ ಸಾಹುಕಾರ ಹೆಗಲಿಗೆ ಟವೆಲ್ಲು ಹಾಕುವಾಗಲೆಲ್ಲ ಆ ನೋಟ ನೆನಪಾಗುತ್ತಿತ್ತು. ಮುಂದಿನ ಸುಗ್ಗಿಗೆ ಸಂಕಪ್ಪನ ಗಾಡಿ ಬಂದಾಗ ಪೇಟೆಯ ಬಾಗಿಲಲ್ಲೇ ಕಾದು ನಿಂತಿದ್ದ. ಟವೆಲ್ಲು ಇಳಿಸಿ, ಅದರಡಿ ಕೈ ಚಾಚಿದ. ಹಳೆಯದನ್ನು ಸರಿಮಾಡುತ್ತೇನೆ ಎಂದು ಬೆರಳಿನಲ್ಲಾದರೂ ಹೇಳಬೇಕೆಂದಿದ್ದ.

ಸಂಕಪ್ಪ ಟವೆಲ್ಲನ್ನು ನೋಡಿದ. ಮೊದಲಿನಷ್ಟೇ ಮರ್ಯಾದೆಯಿಂದ ಹೇಳಿದ: “ಕೈ ಯಾಕ್ರಿ ಸಾವ್ಕಾರ್ರ? ಕಂಪ್ಯೂಟರಿನ್ಯಾಗ ಬರೀರಿ. ನಾ ಓದಿಸಿ ಕೇಳ್ತೀನಿ.”

ಗಾಡಿ ಒಳಗೆ ಹೋಯಿತು. ಹಮಾಲರ ಎದುರು, ಟವೆಲ್ಲಿನಡಿ ಚಾಚಿದ ಕೈಯನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಸಾಹುಕಾರನಿಗೆ ತಿಳಿಯಲಿಲ್ಲ.

ಯಾಕೆ ತಲೆ ತಗ್ಗಿಸಿದಿರಿ? ನಾನು ಮೆಣಸಿನಕಾಯಿಯ ಕಥೆ ಹೇಳಿದೆನಲ್ಲ?

ನೋಡಿ, ನೀವೂ ದಿನವೂ ಪರದೆ ಒತ್ತುತ್ತೀರಿ. ಚಹಾ ಆರುವುದರೊಳಗೆ ಷೇರು ಕೊಳ್ಳುತ್ತೀರಿ, ಮಾರುತ್ತೀರಿ. ಕೂಲಿಯವನಿಗೆ, ತರಕಾರಿಯವಳಿಗೆ, ಬಾಡಿಗೆಯವನಿಗೆ ಫೋನಿನಲ್ಲೇ ದರ ಬರೆದು ಕಳಿಸುತ್ತೀರಿ. ಆ ಕಡೆಯ ಕೈ ಬಿಸಿಯೋ ತಣ್ಣಗೋ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಅನುಕೂಲವಾಗಿದೆ. ಕೇಳಿದರೆ, ಅವನು ಬೇಡ ಅನ್ನಬಹುದಿತ್ತಲ್ಲ ಎನ್ನುತ್ತೀರಿ. ಅನ್ನಬಹುದಿತ್ತು. ಯಾಕೆ ಅನ್ನಲಿಲ್ಲ? ನಿಮ್ಮ ಹೆಸರು ನೋಡಿ ಅನ್ನಲಿಲ್ಲ.

ನಾಳೆಯಿಂದ, ನೀವು ಬರೆಯುವ ಮೊದಲ ದರವೇ ಕಡೆಯ ಅಂಗೈ ಆಗಿರಲಿ. ತಪ್ಪಿ ಬರೆದಿದ್ದರೆ ಚೀಟಿ ಹರಿಯುವ ಮೊದಲೇ, ನಾಲ್ಕು ಜನರ ಎದುರೇ, ತಪ್ಪಾಯಿತು ಎನ್ನಿ. ಒಂದು ಗಳಿಗೆ ಮುಖ ಕೆಳಗಾಗುತ್ತದೆ, ಆಗಲಿ. ಆ ಒಂದು ಗಳಿಗೆಯನ್ನು ತಪ್ಪಿಸಿಕೊಂಡವನು ಇಂದಿಗೂ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

ನಿಮಗೂ ಒಬ್ಬ ಸಂಕಪ್ಪ ಇದ್ದಾನೆ. ಯಾರೆಂದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅವನು ಇನ್ನೂ ನಿಮ್ಮ ಕೈ ಹಿಡಿಯುವ ಮನಸ್ಸು ಇಟ್ಟುಕೊಂಡಿರುವಾಗಲೇ ಹೋಗಿ. ಹೋಗುವಾಗ ಟವೆಲ್ಲು ಮನೆಯಲ್ಲಿಟ್ಟು ಹೋಗಿ.