ಹಾಕದೆ ಉಳಿದ ಎಲೆ

ಗಾಲಿಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ವಾಪಸು ಕೊಡಲು ತಂದ ಕುರ್ಚಿ ಖಾಲಿಯಿತ್ತು.

"ಭಾವ ಹೋಗೋ ಹಿಂದಿನ ದಿನಾನೂ ಇಸ್ಪೀಟ್ ಆಡಿದ್ರಂತೆ?"

"ಹೂಂ. ಮಕ್ಕಳ ಎದುರು ನಾನೂ ಅವ್ರೂ ಜೋಡಿ. ಅವ್ರ ಕೈಲಿ ಒಂದೇ ಎಲೆ ಉಳಿದಿತ್ತು."

"ಇನ್ನೇನು, ನೀನು ಸಣ್ಣೆಲೆ ಹಾಕಿದ್ರೆ ಅದ್ರ ಮೇಲೆ ತಮ್ದು ಹಾಕಿ, ಕೈ ಖಾಲಿ ಮಾಡ್ಕೊಂಡು ಗೆದ್ದುಬಿಡ್ತಿದ್ರು."

"ಹಾಕ್ಲಿಲ್ಲ ಕಣೋ. ಬರೀ ದೊಡ್ಡದೇ ಹಾಕ್ತಾ ಹೋದೆ."

"ಅಯ್ಯೋ, ಯಾಕಕ್ಕಾ?"

"ಆಟ ಮುಗಿದ್ರೆ ಮಲಗಿಬಿಡ್ತಾರೆ, ಮತ್ತೆ ಏಳಲ್ಲ ಅಂತ ಭಯ. ಅವ್ರಿಗೆ ಗೊತ್ತಾಗಿಹೋಯ್ತು. 'ಸಣ್ಣದು ನಿನ್ನ ಹತ್ರ ಇದೆ, ಹಾಕಿಬಿಡೇ, ಸುಸ್ತಾಗ್ತಿದೆ' ಅಂದ್ರು."

"ಹಾಕಿದ್ಯಾ?"

ಆಕೆ ಕೈಚೀಲದಿಂದ ಇಸ್ಪೀಟಿನ ಒಂದು ಎಲೆ ತೆಗೆದು ತೋರಿಸಿದರು. ಮೂರು ಕಳಾವರ.

ಅವರ ಸರದಿ ಬಂತು. ಕುರ್ಚಿ ತಳ್ಳಲು ತಮ್ಮನೇ ಕೈ ಹಾಕಿದ.

"ಬೇಡ, ನಾನೇ ತಳ್ತೀನಿ," ಎಂದು ಆಕೆ ಮುಂದೆ ಹೋದರು.